ಉಡಿದಾರದಲ್ಲಿ ಕಾರಿನ ಕೀ

ನಂಜನಗೂಡಾಗಲಿ ನರಸೀಪುರವಾಗಲಿ, ಹೊಳೆಯಲ್ಲಿ ಮೀಯಲು ಬಂದವರು ಕಾರಿನ ಕೀಯನ್ನು ಮುಂದಿನ ಚಕ್ರದ ಮೇಲಿಟ್ಟು ನೀರಿಗಿಳಿಯುತ್ತಾರೆ. ನರಸೀಪುರದ ಸಂಗಮದಲ್ಲಿ ನಮ್ಮ ಭಾವನೂ ಹಾಗೇ ಮಾಡಿದರು. ಕಾರಿನೊಳಗೆ ಅಕ್ಕನ ಬ್ಯಾಗು, ಎಲ್ಲರ ಮೊಬೈಲು.

"ಯಾರ್ಗ್ ಗೊತ್ತಾಯ್ತದೆ ಬುಡ್ಲಾ" ಅಂದರು.

"ಕಳ್ಳನೂವೆ ಇಲ್ಲೇ ಮುಳುಗೆದ್ದೋನು ಕಣ್ ಭಾವ" ಅಂದೆ. ಕೇಳಲಿಲ್ಲ.

ಅವರು ಮೂಗು ಹಿಡಿದು ಮುಳುಗುವಷ್ಟರಲ್ಲಿ ನಾನು ಕೀ ತೆಗೆದು ನನ್ನ ಉಡಿದಾರಕ್ಕೆ ಕಟ್ಟಿಕೊಂಡೆ. ಹಳೇ ಕಾರು, ಬರೀ ಕಬ್ಬಿಣದ ಕೀ, ನೀರು ಏನೂ ಮಾಡದು. ಅವರ ಪಕ್ಕದಲ್ಲೇ ನಿಶ್ಚಿಂತೆಯಿಂದ ಮೂರು ಮುಳುಗು ಹಾಕಿದೆ. ನನ್ನ ಮನೆಯ ಬೀಗದ ಕೈಯೂ ಎಷ್ಟೋ ವರ್ಷದಿಂದ ಅಲ್ಲೇ, ಒಮ್ಮೆಯೂ ಕಳೆದಿಲ್ಲ.

ದಡಕ್ಕೆ ಬಂದ ಭಾವ ಒದ್ದೆ ಪಂಚೆಯಲ್ಲೇ ನಾಲ್ಕೂ ಚಕ್ರ ತಡವಿದರು. ಮುಖ ಬಿಳಿಚಿಕೊಂಡ ಮೇಲೆ ಕೀ ಕೊಟ್ಟೆ. ಚೆನ್ನಾಗಿ ಬೈದರು. ಆಮೇಲೆ ಬಟ್ಟೆ ಬದಲಿಸಿ, ದೇವಸ್ಥಾನಕ್ಕೂ ಮೊದಲು ಉಡಿದಾರದ ಅಂಗಡಿಗೆ ನಡೆದರು.