ಎಡಕ್ಕೆ ತಿರುಗದ ಬ್ರೆಡ್ ವ್ಯಾನು

ಮರ್ಲ್ ಕೆಸಿಂಜರ್ ಎಡಕ್ಕೆ ತಿರುಗುವುದನ್ನೇ ಬಿಟ್ಟಿದ್ದಾನೆ ಎಂಬುದು ನನ್ನ ಗಮನಕ್ಕೆ ಬಂದದ್ದು ಮಾರ್ಚ್ ಹದಿನಾರರ ಭಾನುವಾರ, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ. ನನ್ನ ಕಾರು ರಿಪೇರಿಗೆ ಹೋಗಿತ್ತು. ಅವನ ವ್ಯಾನಿನಲ್ಲಿ, ಪಕ್ಕದ ಸೀಟಿನಲ್ಲಿ ಕುಳಿತಿದ್ದೆ. ನಮ್ಮೂರು ಪೀಕಿನ್‌ನ ನಮ್ಮ ಬೀದಿಯಿಂದ ನದಿಯಾಚೆ, ಪಿಯೋರಿಯ ಪಟ್ಟಣದಲ್ಲಿರುವ ಗೆಳೆಯ ಹಾರ್ಲನ್ ಬೀಮರ್‌ನ ಮನೆಗೆ ಹನ್ನೊಂದು ಮೈಲಿ. ಅಂದು ನಾವು ಹದಿನೇಳು ಮೈಲಿ ಕ್ರಮಿಸಿದೆವು.

ಮೊದಲೆರಡು ಬಳಸುದಾರಿಗಳನ್ನು ಹರಟೆಯ ಮೈಮರೆವು ಎಂದುಕೊಂಡೆ. ಮೂರನೆಯದು ಹಾಗಿರಲಿಲ್ಲ. ನಮ್ಮ ರಸ್ತೆಗಳಲ್ಲಿ ವಾಹನಗಳು ಬಲಬದಿಯಲ್ಲಿ ಓಡುವುದರಿಂದ ಎಡಕ್ಕೆ ತಿರುಗುವವನು ಎದುರಿನಿಂದ ಬರುವ ಸಾಲನ್ನು ಅಡ್ಡ ಹಾಯಬೇಕು. ಬಲಕ್ಕೆ ತಿರುಗುವವನಿಗೆ ಆ ತೊಡಕಿಲ್ಲ. ಎಡಕ್ಕೆ ಹೋಗಬೇಕಾದ ಕಡೆ ಮರ್ಲ್ ನೇರ ಮುಂದೆ ಹೋಗಿ, ಬಲಕ್ಕೆ ಮೂರು ಸಲ ತಿರುಗಿ, ಒಂದು ಪೂರ್ತಿ ಚೌಕ ಸುತ್ತಿ ಅದೇ ದಾರಿಗೆ ಬಂದು ಸೇರಿದ. ಅಷ್ಟು ಹೊತ್ತೂ ಅವನ ಮಾತು ನಿಲ್ಲಲಿಲ್ಲ.

"ಆ ಸಬ್‌ಮರೀನ್ ಪಿಕ್ಚರ್ ಇದೆಯಲ್ಲ, ಮಂಗಳವಾರ ನೋಡಿದ್ದು," ಎಂದ. "ಅದನ್ನ ಎಡಿಟ್ ಮಾಡಿದವನ ಕೈಗೆ ಕತ್ತರಿ ಕೊಟ್ಟೋರು ಯಾರು ಅಂತೀನಿ. ಕ್ಯಾಪ್ಟನ್ ಒಬ್ನೇ ನಿಂತ್ಕೊಂಡು ಪ್ರಾರ್ಥನೆ ಮಾಡ್ತಿದಾನೆ. ಸರಿ. ಇದ್ದಕ್ಕಿದ್ದಂಗೆ ಆ ಅಡುಗೆಯವನು ಬಂದು ಸ್ಪ್ಯಾನರ್ ತಗೊಂಡು ತಲೆಗೆ ಬಾರಿಸ್ತಾನೆ. ಎಲ್ಲಿಂದ ಬಂದ ಅವನು? ಬಾಗಿಲು ತೆಗೆದಿದ್ದಾದ್ರೂ ತೋರಿಸಬಾರದಾ?"

"ಅವನು ಮೊದಲಿಂದ್ಲೂ ಅಲ್ಲೇ ಇದ್ದನಲ್ಲ, ಮರ್ಲ್."

"ಎಲ್ಲಿ?"

"ಬಲಗಡೆ, ಪೈಪುಗಳ ಹತ್ರ. ಎರಡು ನಿಮಿಷ ನಿಂತೇ ಇದ್ದ. ನಮಗೆ ಕಾಣ್ತಾನೆ, ಕ್ಯಾಪ್ಟನ್‌ಗೆ ಕಾಣಲ್ಲ. ಅದೇ ಅಲ್ವಾ ಆ ಸೀನಲ್ಲಿರೋ ಭಯ?"

"ನಿನಗೆ ಪಾಪ್‌ಕಾರ್ನ್ ಉಪ್ಪು ತಲೆಗೇರಿತ್ತು, ವೆಂಡೆಲ್," ಎಂದ. "ಈಗಿನೋರಿಗೆ ಪಿಕ್ಚರ್ ತೆಗೆಯೋಕೆ ಬರಲ್ಲ ಅಷ್ಟೆ. ಮನುಷ್ಯರು ಗಾಳಿಯಿಂದ ಇಳಿದು ಬರ್ತಾರೆ, ಗಾಳಿಗೇ ಹೋಗ್ತಾರೆ."

ಈ ದೂರನ್ನು ನಾನು ಹಿಂದೆಯೂ ಕೇಳಿದ್ದೆ. ಮಂಗಳವಾರ ಟಿಕೆಟು ಅಗ್ಗವಾದ್ದರಿಂದ ನಾವಿಬ್ಬರೂ ಹನ್ನೆರಡು ವರ್ಷಗಳಿಂದ ವಾರಕ್ಕೊಂದು ಚಿತ್ರ ನೋಡುತ್ತೇವೆ. ಮೂರನೆಯ ಸಾಲಿಗಿಂತ ಹಿಂದೆ ಕುಳಿತವನು ದುಡ್ಡು ದಂಡ ಮಾಡಿದಂತೆ ಎನ್ನುತ್ತಿದ್ದ ಮರ್ಲ್, ಕಳೆದ ಆಗಸ್ಟಿನಲ್ಲಿ ಒಮ್ಮೆಗೇ ಕೊನೆಯ ಸಾಲಿಗೆ ಹೋಗಿ ಕುಳಿತ. ಕತ್ತು ನೋವು ಎಂದ. ಕರಡಿಯ ಚಿತ್ರವೊಂದರಲ್ಲಿ ಕರಡಿ ಗಾಳಿಯಿಂದ ಬಂತು ಎಂದು ದೂರಿದ. ನ್ಯಾಯಾಲಯದ ಚಿತ್ರದಲ್ಲಿ ಸಾಕ್ಷಿಯೇ ಗಾಳಿಯಿಂದ ಬಂದ. ಇವೆಲ್ಲವನ್ನೂ ನಾನು ನಕ್ಕು ಬಿಟ್ಟಿದ್ದೆ. ಈಗ ಬಿಡಿ ಎಳೆಗಳು ತಾವಾಗಿ ಹೊಸೆದುಕೊಳ್ಳತೊಡಗಿದವು.

ಸೇತುವೆ ದಾಟಿ ಮೊದಲ ತಿರುವು. ಮರ್ಲ್ ಬಲಕ್ಕೆ ಸ್ಟೀರಿಂಗ್ ತಿರುಗಿಸಿದ. ಬಲಬದಿಯಲ್ಲಿ, ನನ್ನ ಕಿಟಕಿಯಿಂದ ಎರಡು ಮೊಳದಲ್ಲಿ, ಕೆಂಪು ಜಾಕೆಟ್ಟಿನ ಹೆಂಗಸೊಬ್ಬಳು ಸೈಕಲ್ ತುಳಿಯುತ್ತ ಬರುತ್ತಿದ್ದಳು.

"ನಿಲ್ಸು, ನಿಲ್ಸು."

ವ್ಯಾನು ಮುಗ್ಗರಿಸಿ ನಿಂತಿತು. ಹಿಂದೆ ತಟ್ಟೆಗಳಲ್ಲಿದ್ದ ಹಾಟ್‌ಡಾಗ್ ಬನ್ನುಗಳು ನೆಲಕ್ಕೆ ಉದುರಿದ ಸದ್ದಾಯಿತು. ಹೆಂಗಸು ಸೈಕಲನ್ನು ಪಾದಚಾರಿ ಕಟ್ಟೆಗೆ ಏರಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡು ನಮ್ಮನ್ನು ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೋಡಿದ್ದೆ, ನೋಡಿದ್ದೆ," ಎಂದ ಮರ್ಲ್. ಆದರೆ ಅವಳಿಗಾಗಿ ಅವನ ಕಣ್ಣು ಆಗಲೂ ಹುಡುಕುತ್ತಿತ್ತು. ಕತ್ತನ್ನು ಪೂರ್ತಿ ಹೊರಳಿಸಿದ ಮೇಲಷ್ಟೇ ಅವಳು ಅವನಿಗೆ ಸಿಕ್ಕಳು.

ಮರ್ಲ್‌ಗೆ ಈಗ ಐವತ್ತೊಂಬತ್ತು. ಪೀಕಿನ್‌ನಲ್ಲೇ ಹುಟ್ಟಿದವನು, ಪ್ರೌಢಶಾಲೆಯ ಬೇಸ್‌ಬಾಲ್ ತಂಡದಲ್ಲಿ ದಾಂಡಿಗನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದವನು. ಓಡಿ ಬರುವವನನ್ನು ತಿರುಗಿ ನೋಡದೆಯೇ ಮುಟ್ಟಿ ಔಟ್ ಮಾಡುತ್ತಿದ್ದನೆಂದು ಅವನ ವಾರಿಗೆಯವರು ಈಗಲೂ ಹೇಳುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಬ್ರೆಡ್ ಹಂಚುವುದು ಅವನ ಕಸುಬು. ವ್ಯಾನು ಅವನದೇ. ನಸುಕಿನ ಐದಕ್ಕೆ ಬೇಕರಿಯಲ್ಲಿ ಸರಕು ತುಂಬಿಕೊಂಡರೆ ಹದಿನಾಲ್ಕು ಅಂಗಡಿ, ಎರಡು ವೃದ್ಧಾಶ್ರಮ, ಮೂರು ಶಾಲೆ. ಶಾಲೆಗಳಿಗೆ ಅವನು ತಲುಪುವುದು ಏಳೂವರೆಗೆ, ಮಕ್ಕಳು ಗುಂಪುಗುಂಪಾಗಿ ರಸ್ತೆ ದಾಟುವ ಹೊತ್ತಿಗೆ. ಹಾರ್ಲನ್‌ನ ಮನೆ ಬರುವವರೆಗೂ ಆ ಒಂದು ಸಂಗತಿಯೇ ನನ್ನ ಮನಸ್ಸಿನಲ್ಲಿ ನಿಂತಿತ್ತು.

ಹಾರ್ಲನ್ ಜಮಖಾನೆ ಅಂಗಡಿಯವನು. ಅವನ ಮನೆಯ ನೆಲಮಾಳಿಗೆಯಲ್ಲಿ ಪ್ರತಿ ಮಾರ್ಚ್‌ನಲ್ಲೂ ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಸಂಘದ ಹತ್ತು ಜನ ಸೇರುತ್ತೇವೆ. ಋತು ಆರಂಭವಾಗುವ ಮುನ್ನ ದೇಶದ ಆಟಗಾರರನ್ನೆಲ್ಲ ಸರದಿಯಂತೆ ಹಂಚಿಕೊಳ್ಳುವುದು, ಆಮೇಲೆ ಅವರು ಮೈದಾನದಲ್ಲಿ ಗಳಿಸಿದ ಅಂಕಿಗಳ ಮೇಲೆ ಆರು ತಿಂಗಳು ನಾವು ಜಗಳವಾಡುವುದು. ಸಂಘ ಕಟ್ಟಿದವನು ಮರ್ಲ್. ಮೊದಲ ವರ್ಷಗಳಲ್ಲಿ ಪತ್ರಿಕೆಯ ಸಣ್ಣ ಅಕ್ಷರಗಳನ್ನು ಓದಿ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದವನೂ ಅವನೇ. ಈಚೆಗೆ ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಿದ್ದ. ಚೆಂಡು ನೋಡುವ ಅಗತ್ಯವೇ ಇಲ್ಲ, ಫೋನಿನಲ್ಲಿ ಅಂಕಿ ಬರುತ್ತದಲ್ಲ ಎನ್ನುತ್ತಿದ್ದ. ಕಳೆದ ವರ್ಷ ಗೆದ್ದವನೂ ಅವನೇ.

ಗೋಡೆಗೆ ಆರಡಿ ಅಗಲದ ಹಲಗೆ, ಅದರಲ್ಲಿ ಹತ್ತು ಅಂಕಣ, ಒಬ್ಬೊಬ್ಬರಿಗೆ ಒಂದು. ಆಟಗಾರನ ಹೆಸರಿನ ಬಣ್ಣದ ಚೀಟಿಯನ್ನು ಆರಿಸಿದವನೇ ಎದ್ದು ಹೋಗಿ ತನ್ನ ಅಂಕಣದಲ್ಲಿ ಅಂಟಿಸಬೇಕು. ಅಂಟಿದ್ದು ಅಂಟಿತು ಎಂಬುದು ನಮ್ಮ ಸಂಘದ ಕಟ್ಟಳೆ. ಕುಡಿದ ಕೈಗಳಿಗಾಗಿ ಮಾಡಿದ್ದು. ಕಳೆದ ವರ್ಷ ಮರ್ಲ್ ಮಂಡಿ ನೋವೆಂದು ಕುಳಿತಲ್ಲೇ ಹೆಸರು ಹೇಳಿದ್ದ, ಹಾರ್ಲನ್ ಅಂಟಿಸಿದ್ದ.

"ಈ ಸಲ ಆಗಲ್ಲಪ್ಪ," ಎಂದ ಹಾರ್ಲನ್, ಮೆಕ್ಕೆಜೋಳದ ರೊಟ್ಟಿಯನ್ನು ಹುರುಳಿಸಾರಿಗೆ ಅದ್ದುತ್ತ. "ಚಾಂಪಿಯನ್ನು ಮಹಾರಾಜ ಆಗ್ಬಿಟ್ಟಿದಾನೆ. ಎದ್ದು ಬಾರಯ್ಯ. ಮಂಡಿಗೆ ನಿನ್ನ ಬೇಕರಿ ಬೆಣ್ಣೆನೇ ಹಚ್ಕೋ."

ಎಲ್ಲರೂ ನಕ್ಕರು. ಮರ್ಲ್ ಎದ್ದ. ಅವನು ಆರಿಸಿದ್ದು ಒರೆಲಾನೊ ಎಂಬ, ಎಡಗೈಯಲ್ಲಿ ಚೆಂಡೆಸೆಯುವ ಪಿಚರ್‌ನನ್ನು. ಆ ವರ್ಷ ಎಲ್ಲರ ಬಾಯಲ್ಲೂ ಇದ್ದ ಹೆಸರು. ಚೀಟಿಯ ಮೇಲಿನ ಅಕ್ಷರಗಳನ್ನು ಕನ್ನಡಕವಿಲ್ಲದೆ ಓದಿದ. ಆಮೇಲೆ ಹಲಗೆಯ ಅಂಚಿಗೆ ಎಡಗೈ ತಾಗಿಸಿ, ಬೆರಳುಗಳಿಂದ ಗೆರೆಗಳನ್ನು ಒಂದೊಂದಾಗಿ ಎಣಿಸುವವನಂತೆ ಸರಿದು, ಚೀಟಿಯನ್ನು ಒತ್ತಿ ಅಂಟಿಸಿದ. ಅದು ಹಾರ್ಲನ್‌ನ ಅಂಕಣವಾಗಿತ್ತು. ಅಂಕಣದ ನೆತ್ತಿಯಲ್ಲಿ ಅಂಗೈ ಅಗಲದ ಅಕ್ಷರಗಳಲ್ಲಿ ಹಾರ್ಲನ್‌ನ ಹೆಸರಿತ್ತು.

ನೆಲಮಾಳಿಗೆ ನಗೆಯಿಂದ ತುಂಬಿತು.

"ಅಂಟಿದ್ದು ಅಂಟಿತು," ಎಂದ ಹಾರ್ಲನ್. "ನಮ್ಮನೇಲಿ ಈ ವರ್ಷ ಕ್ರಿಸ್‌ಮಸ್ ಮಾರ್ಚಲ್ಲೇ ಬಂತು. ಅಮಲೇ ಇಲ್ಲದ ಆ ರೂಟ್ ಬಿಯರ್‌ಗೆ ಏನ್ ಹಾಕಿದ್ದೀಯೋ?"

"ನಿನ್ನ ತಂಡ ನೋಡಿ ಅಯ್ಯೋ ಪಾಪ ಅನ್ನಿಸ್ತು. ದಾನ ಕೊಟ್ಟೆ," ಎಂದ ಮರ್ಲ್. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಕುರ್ಚಿಗೆ ಹಿಂದಿರುಗುವಾಗ ಮೇಜಿನ ಮೂಲೆ ತೊಡೆಗೆ ತಗುಲಿ, ಸಾರಿನ ಬಟ್ಟಲೊಂದು ಉರುಳಿತು. ಅದಕ್ಕೂ ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಇದೇ ಮನುಷ್ಯ ನನ್ನನ್ನು ಮನೆಗೆ ಕರೆದೊಯ್ಯಬೇಕಾಗಿತ್ತು, ಮತ್ತು ಅವನ ವ್ಯಾನು ಹತ್ತಲು ಒಲ್ಲೆ ಎನ್ನುವ ಧೈರ್ಯ ನನಗಿರಲಿಲ್ಲ.

ಐದೂವರೆಗೆ ಹೊರಟೆವು. ಬೆಳಕಿತ್ತು. ಮರ್ಲ್ ತನ್ನ ತಂಡಕ್ಕೆ ಆರಿಸಿದ ಮೂರನೇ ಬೇಸ್‌ಮನ್ ಬಗ್ಗೆ ಮಾತಾಡಿದ, ಮುಂದಿನ ಮಂಗಳವಾರದ ಚಿತ್ರದ ಬಗ್ಗೆ ಮಾತಾಡಿದ. ನಾನು ಉತ್ತರ ಕೊಡುತ್ತ, ಕಾಲನ್ನು ಇಲ್ಲದ ಬ್ರೇಕಿನ ಮೇಲೆ ಒತ್ತಿ ಕುಳಿತಿದ್ದೆ. ಪೀಕಿನ್‌ಗೆ ಎರಡು ಮೈಲಿ ಇರುವಾಗ ನಾಲ್ಕೂ ದಾರಿಯವರು ನಿಂತೇ ಹೋಗಬೇಕಾದ ಒಂದು ಕೂಡುರಸ್ತೆ. ಮೊದಲು ಬಂದವನು ಮೊದಲು ಹೋಗಬೇಕು. ಯಾರು ಮೊದಲು ಬಂದರೆಂಬುದನ್ನು ಪ್ರತಿಯೊಬ್ಬನೂ ತನ್ನ ಕಣ್ಣಿನಿಂದಲೇ ತಿಳಿಯಬೇಕು.

ಮರ್ಲ್ ನಿಲ್ಲಿಸಿದ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಮತ್ತೆ ಎಡಕ್ಕೆ. ಒಂದು ಕಾರು ಹೋಯಿತು, ಇನ್ನೊಂದು ಹೋಯಿತು. ನಮ್ಮ ಸರದಿ ಬಂತು, ದಾಟಿಹೋಯಿತು. ಅವನು ಬಲಕ್ಕೆ ನೋಡುವಷ್ಟರಲ್ಲಿ ಎಡಕ್ಕೆ ಕಂಡದ್ದು ಹಳೆಯದಾಗುತ್ತಿತ್ತು. ಮಾತು ನಿಂತಿತ್ತು. ಹಿಂದಿನವನು ಹಾರ್ನ್ ಒತ್ತಿದ.

"ಹೋಗಬಹುದಾ?" ಎಂದ ಮರ್ಲ್. ಇಪ್ಪತ್ತು ವರ್ಷಗಳ ಪರಿಚಯದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ.

"ಬೇಡ. ಪಕ್ಕಕ್ಕೆ ಹಾಕು. ಹಾಗೇ, ನಿಧಾನಕ್ಕೆ. ಬಲಗಡೆ ಯಾರೂ ಇಲ್ಲ."

ಅವನು ಹುಲ್ಲಿನ ಮೇಲೆ ನಿಲ್ಲಿಸಿದ. ಎಂಜಿನ್ ಆರಿಸಿದ. ಕೈಗಳು ಸ್ಟೀರಿಂಗ್ ಮೇಲೆಯೇ ಇದ್ದವು.

"ಎಷ್ಟು ಕಾಣುತ್ತೆ?" ಎಂದೆ.

"ಮುಂದೆ ಎಲ್ಲಾ ಕಾಣುತ್ತೆ. ಆ ಬೋರ್ಡು ಓದ್ತೀನಿ ಬೇಕಾದ್ರೆ. ಪಕ್ಕದಲ್ಲಿ ಇಲ್ಲ. ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುತ್ತಲ್ಲ ಕೊಳವೆ, ಅದರೊಳಗಿಂದ ನೋಡಿದಂಗೆ. ಕಣ್ಣಲ್ಲಿ ಒತ್ತಡ ಜಾಸ್ತಿಯಂತೆ. ಅಕ್ಟೋಬರ್‌ನಲ್ಲಿ ಡಾಕ್ಟ್ರು ಹೇಳಿದ್ರು. ಹೋಗಿದ್ದು ಬರಲ್ಲ, ಇರೋದನ್ನ ಉಳಿಸ್ಕೋಬಹುದು, ಹನಿ ಹಾಕ್ಕೋ, ಗಾಡಿ ಬಿಟ್ಬಿಡು ಅಂದ್ರು. ಹನಿ ಹಾಕ್ಕೊಳ್ತಿದೀನಿ. ಇಲ್ಲೇ, ವ್ಯಾನಲ್ಲೇ ಇಟ್ಟಿದೀನಿ."

"ಲೋರ್ನಾಗೆ ಗೊತ್ತಾ?" ಎಂದು ಅವನ ಹೆಂಡತಿಯ ಬಗ್ಗೆ ಕೇಳಿದೆ.

"ಇಲ್ಲ."

"ಮರ್ಲ್, ನಾಳೆ ಏಳೂವರೆಗೆ ಶಾಲೆ ಹತ್ರ ಇರ್ತೀಯ ನೀನು."

"ಗೊತ್ತು ಕಣೋ. ದಿನಾ ಅಲ್ಲಿ ಹತ್ತು ಮೈಲಿ ಸ್ಪೀಡಲ್ಲಿ ಹೋಗ್ತೀನಿ. ಉಸಿರು ಬಿಗಿಹಿಡ್ಕೊಂಡು ಹೋಗ್ತೀನಿ. ಇನ್ನೊಂದು ತಿಂಗಳು ಕೊಡು. ಆಟ ಶುರುವಾಗ್ಲಿ, ಆಮೇಲೆ ನಾನೇ ಹೇಳ್ತೀನಿ."

ಒಂದು ತಿಂಗಳೆಂದರೆ ಶಾಲೆಯಿರುವ ಇಪ್ಪತ್ತೆರಡು ಬೆಳಗು, ದಿನಕ್ಕೆ ಮೂರು ಶಾಲೆ. ನಾನು ಕೌಂಟಿಯ ಭೂಮಾಪನ ಕಚೇರಿಯವನು, ಗುಣಿಸದೆ ಇರಲಾರೆ. ಇಲ್ಲ ಎಂದೆ. ಅವನು ವಾದಿಸಲಿಲ್ಲ. ಇಳಿದು, ವ್ಯಾನಿನ ಮೂತಿಯನ್ನು ಕೈಯಿಂದ ಸವರುತ್ತ ಈಚೆ ಬಂದ. ನಾನು ಆಚೆ ಹೋದೆ. ಉಳಿದ ಎರಡು ಮೈಲಿ ಅವನು ಕಣ್ಣು ಮುಚ್ಚಿ ಕುಳಿತಿದ್ದ.

ಲೋರ್ನಾ ಕೆಸಿಂಜರ್ ಮನೆಯ ಮುಂದಿನ ಮೆಟ್ಟಿಲಲ್ಲಿ ನಿಂತು ಜಮಖಾನೆ ಕೊಡವುತ್ತಿದ್ದಳು. ಸ್ಟೀರಿಂಗ್ ಹಿಡಿದ ನನ್ನನ್ನು ಕಂಡು ಅವಳ ಕೈ ನಿಂತಿತು. ಹದಿನೈದು ವರ್ಷಗಳ ಹಿಂದೆ ಮರ್ಲ್ ಕುಡಿತ ಬಿಟ್ಟಿದ್ದ, ಬಿಡಿಸಿದವಳು ಅವಳು.

"ಕುಡಿದಿದಾನಾ?" ಎಂದಳು, ನನ್ನನ್ನೇ ನೋಡುತ್ತ.

ಅದೊಂದು ಸುಲಭದ ದಾರಿಯಾಗಿತ್ತು. ಹೌದು ಎಂದರೆ ಒಂದು ವಾರದ ಮುನಿಸು, ಅಷ್ಟೆ. ಬೆಳಗಾದರೆ ಕೀಲಿ ಮತ್ತೆ ಅವನ ಕೈಗೆ. ಮರ್ಲ್‌ನ ಮುಖದಲ್ಲಿ ಆ ಲೆಕ್ಕ ನಡೆಯುವುದನ್ನು ಕಂಡೆ. ಅವನು ಹೌದೆಂದಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದು ನನಗೆ ಈಗಲೂ ಗೊತ್ತಿಲ್ಲ.

"ಇಲ್ಲ ಲೋರ್ನಾ," ಎಂದ. "ಕುಡಿದಿದ್ರೆ ವಾಸಿ ಇತ್ತು. ಒಳಗೆ ನಡಿ, ಹೇಳ್ತೀನಿ."

ಅವಳು ಅವನ ತೋಳು ಹಿಡಿದಳು, ಇಬ್ಬರೂ ಒಳಗೆ ಹೋದರು. ನಾಲ್ಕು ಮನೆ ದಾಟಿ ನನ್ನ ಬಾಗಿಲಿಗೆ ಬಂದ ಮೇಲೆ ವ್ಯಾನಿನ ಕೀಲಿ ನನ್ನ ಜೇಬಿನಲ್ಲೇ ಉಳಿದಿರುವುದು ತಿಳಿಯಿತು. ಹಿಂದಿರುಗಿಸಲು ಹೋಗಲಿಲ್ಲ. ಆದರೆ ಇನ್ನೊಂದು ಕೀಲಿ ಅವರ ಮನೆಯಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು? ನಾಲ್ಕೂವರೆಗೆ ಎಚ್ಚರಗೊಂಡು ಕಿಟಕಿಯ ಬಳಿ ಕುಳಿತೆ. ಅವರ ಅಡುಗೆಮನೆಯ ದೀಪ ಉರಿಯುತ್ತಿತ್ತು. ಎಂಜಿನ್ ಸದ್ದು ಬರಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಬಾಗಿಲು ಬಡಿದದ್ದು ಲೋರ್ನಾ. ಕೋಟಿನ ಕೆಳಗೆ ಮನೆಯ ಚಪ್ಪಲಿ.

"ಕೀಲಿ ಕೊಡು. ಇವತ್ತು ನಾನು ಓಡಿಸ್ತೀನಿ. ಯಾವ ಅಂಗಡಿಗೆ ಎಷ್ಟು ಅಂತ ಅವನು ಪಕ್ಕದಲ್ಲಿ ಕೂತು ಹೇಳ್ತಾನೆ. ನಾಳೆದು ನಾಳೆ ನೋಡೋಣ."

ಕೊಟ್ಟೆ. ಅವಳು ಹೊರಡಲಿಲ್ಲ.

"ನಿನಗೆ ಯಾವಾಗಿಂದ ಗೊತ್ತು?"

"ಗೊತ್ತಿರಲಿಲ್ಲ. ನಿನ್ನೆ ಒಂದು ಗಂಟೆಯಿಂದ ಹೆದರಿಕೆ ಇತ್ತು."

"ನನಗೆ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಇತ್ತು," ಎಂದಳು. "ಊಟದ ಮೇಜಲ್ಲಿ ಗ್ರೇವಿ ಬಟ್ಟಲು ಕೊಟ್ಟೆ. ನನ್ನ ಕೈಯನ್ನ ಹುಡುಕಿದ. ಕೇಳಿದ್ರೆ ಹೌದು ಅಂದ್ಬಿಡ್ತಾನೆ ಅಂತ ಕೇಳಲಿಲ್ಲ."

ವ್ಯಾನಿನ ಬಳಿ ಮರ್ಲ್ ಆಗಲೇ ಬಲಬದಿಯ ಬಾಗಿಲಲ್ಲಿ ನಿಂತಿದ್ದ. ಲೋರ್ನಾ ಕುಳ್ಳಿ, ಹತ್ತಿ ಕುಳಿತು ಸೀಟನ್ನು ಮುಂದಕ್ಕೆ ಎಳೆಯಲು ನೋಡಿದಳು. ಇಪ್ಪತ್ತಾರು ವರ್ಷ ಒಂದೇ ಜಾಗದಲ್ಲಿದ್ದ ಸೀಟು ಜಗ್ಗಲಿಲ್ಲ. ಮರ್ಲ್ ಬಗ್ಗಿ, ಸೀಟಿನಡಿಯ ಹಿಡಿಯನ್ನು ಕೈಯಿಂದ ತಡಕಿ ಹುಡುಕಿ ಎತ್ತಿ ಹಿಡಿದ. ಅವಳು ಎರಡೂ ಕಾಲು ಊರಿ ಎಳೆದಳು.