ಅಣ್ಣನ ಪೂಜೆ ಮುಗಿಯದ ದಿನಗಳು

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ನಾನು ಓದು ನಿಲ್ಲಿಸಿದೆ. ಅಪ್ಪ ತೀರಿಕೊಂಡಿದ್ದರು. ನನಗೆ ಹದಿಮೂರು. ಅಣ್ಣ ಓದಲಿ, ನಾನು ಉಳುತ್ತೇನೆ ಎಂದು ಅವ್ವನಿಗೆ ಹೇಳಿದವನು ನಾನೇ. ಅಣ್ಣ ಓದಿ ಗುಂಡ್ಲುಪೇಟೆಯಲ್ಲಿ ಮೇಷ್ಟರಾದ; ಮನೆಯಿಂದಲೇ ಓಡಾಡುತ್ತಿದ್ದ. ನಾನು ಬೆಳೆದ ಅರಿಶಿನ ಚಾಮರಾಜನಗರದ ಮಂಡಿಯಿಂದ ಒಂದು ಸಲವೂ ವಾಪಸು ಬಂದಿಲ್ಲ. ಮೈಮುರಿದು ದುಡಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿದ್ದೆ.

ಮೂರು ವರ್ಷದ ಹಿಂದೆ ಅಣ್ಣನಿಗೆ ಕಾಯಿಲೆ ಬಂತು. ಬಂದಾಗ ಅದು ಕಾಯಿಲೆಯ ಹಾಗೆ ಕಾಣಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಅಣ್ಣ ಲಿಂಗವನ್ನು ಕೊರಳಿನ ಕರಡಿಗೆಯೊಳಗೆ ಇಟ್ಟು ಮುಚ್ಚಿದ. ಮತ್ತೆ ತೆಗೆದ. ನಡುವೆ ಮನಸ್ಸು ಎಲ್ಲೋ ಹೋಯಿತು, ಪೂಜೆ ಸಲ್ಲಲಿಲ್ಲ ಎಂದ. ಮೊದಲಿನಿಂದ ಶುರುಮಾಡಿದ. ಆ ದಿನ ಎರಡು ಸಲ. ಚಳಿಗಾಲ ಕಳೆಯುವ ಹೊತ್ತಿಗೆ ಇಪ್ಪತ್ತು ಸಲ.

ನಮ್ಮ ಮನೆಯಲ್ಲಿ ಹಿರಿಯನ ಪೂಜೆ ಆಗದೆ ಯಾರೂ ಉಣ್ಣುವುದಿಲ್ಲ. ಅವ್ವ, ಅತ್ತಿಗೆ, ನಾನು, ನನ್ನ ಹೆಂಡತಿ ಮಕ್ಕಳು ಎಲ್ಲರೂ ಕಾದೆವು. ಕಾಯುವುದರಲ್ಲೂ ಹೆಮ್ಮೆ ಇತ್ತು. ಊರವರು ಬಂದು ಅಣ್ಣನಿಗೆ ಕೈಮುಗಿದು ಹೋಗುತ್ತಿದ್ದರು. “ನನ್ನೊಟ್ಟೇಲಿ ಶರಣ ಹುಟ್ಟವ್ನೆ” ಎಂದಳು ಅವ್ವ. ನಾನೂ ಹೌದೆಂದೆ. ಪಕ್ಕದ ಹೊಲದ ನಂಜಪ್ಪ ಒಬ್ಬನೇ ನಕ್ಕವನು. “ನಿಮ್ಮಣ್ಣ ಕೂತ್ಕಂಡೇ ಕೈಲಾಸಕ್ಕೋಯ್ತಾನೆ ಬುಡು. ನೀನು ಅಸ್ಕಂಡು ಒಲಕ್ಕೋಗು ಕಣ್ಲಾ.” ಆರು ತಿಂಗಳು ಅವನ ಹತ್ತಿರ ಮಾತು ಬಿಟ್ಟೆ.

ಹೊತ್ತಿಗೆ ಶಾಲೆ ಮುಟ್ಟಲಾಗದೆ ಅಣ್ಣನ ಕೆಲಸ ಹೋಯಿತು. ಅತ್ತಿಗೆ ಮಗುವನ್ನೆತ್ತಿಕೊಂಡು ಕುದೇರಿನ ತವರಿಗೆ ಹೊರಟಳು. ಹಸಿದ ಮಗುವನ್ನು ಎಷ್ಟು ದಿನ ಕಾಯಿಸಿಯಾಳು?

ಆಮೇಲೆ ಅಣ್ಣ ನನ್ನನ್ನು ಎದುರಿಗೆ ಕೂರಿಸಿಕೊಳ್ಳತೊಡಗಿದ.

“ಸರಿಯಾಗ್ ಆಯ್ತಾ? ನೀನು ನೋಡ್ದಾ?”

“ಆಯ್ತು ಕಣಣ್ಣ, ಕಣ್ಣಾರೆ ನೋಡ್ದೆ. ಏಳು, ಉಣ್ಣನ.”

“ಪತ್ರೆ ಏರಿಸ್ವಾಗ ತಲೇಲಿ ಕೆಟ್ಟ ಮಾತು ಬಂದ್ಬುಡ್ತು. ನಿಂಗೊತ್ತಾಗ್ನಿಲ್ವಾ?”

“ಇಲ್ಲ ಕಣಣ್ಣ.”

ಮತ್ತೆ ಮೊದಲಿನಿಂದ.

ಅರಿಶಿನ ಬೇಯಿಸುವ ದಿನಗಳಲ್ಲೂ ಕೆಲಸ ಬಿಟ್ಟು ಕೂತು ಹೇಳಿದೆ. ಇದೂ ಒಂದು ದುಡಿಮೆ, ಸೋಲಬಾರದು ಎಂದುಕೊಂಡೆ. ಲಿಂಗ ಹಿಡಿಯುವ ಅವನ ಎಡ ಅಂಗೈ ನೀರಲ್ಲಿ ನೆನೆದು ನೆನೆದು ಸುಲಿದುಹೋಗಿತ್ತು. ತೋಳಲ್ಲಿ ಮೂಳೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಪೂಜೆ ಮುಗಿಯದೆ ಅನ್ನ ಮುಟ್ಟುವವನಲ್ಲ; ಪೂಜೆಯೋ ಎಷ್ಟೋ ದಿನ ಕತ್ತಲಾದರೂ ಮುಗಿಯುವುದಿಲ್ಲ. ನಮ್ಮ ಕಣ್ಣೆದುರಿಗೇ ಅವನು ಉಪವಾಸದಿಂದ ಸಾಯುತ್ತಿದ್ದ.

ಒಂದು ಮಧ್ಯಾಹ್ನ ಕೂತಲ್ಲೇ ವಾಲಿದ. ಅಂಗೈಯಿಂದ ಲಿಂಗ ಜಾರಿತು.

ನಾನು ಲಿಂಗವನ್ನು ಹಿಡಿದೆ.

ಅಣ್ಣನ ತಲೆ ಕಂಬಕ್ಕೆ ಬಡಿಯಿತು.

ಲಿಂಗ ನೆಲಕ್ಕೆ ಬೀಳಬಾರದೆಂದು ಚಿಕ್ಕಂದಿನಿಂದ ಕಲಿತ ಕೈ. ಅದು ಯೋಚನೆ ಮಾಡಲಿಲ್ಲ. ಹಾಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಆ ಸದ್ದು ಕಿವಿಯಿಂದ ಹೋಗಿಲ್ಲ.

ಚಾಮರಾಜನಗರದಲ್ಲಿ ಹೊಲಿಗೆ ಹಾಕಿದ ಡಾಕ್ಟರು ಮೈಸೂರಿಗೆ ಚೀಟಿ ಬರೆದುಕೊಟ್ಟರು. ರೈಲಿನಲ್ಲಿ ಉದ್ದಕ್ಕೂ ಅಣ್ಣ ಕೇಳಿದ್ದು ಒಂದೇ: “ಲಿಂಗ ನೆಲಕ್ಕೆ ತಾಗ್ನಿಲ್ಲ ತಾನೆ?” ನಾನು ಹೇಳುತ್ತಲೇ ಹೋದೆ.

ಮೈಸೂರಿನ ಡಾಕ್ಟರು ಅವನ ಜೊತೆ ಬಹಳ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನು ಒಳಗೆ ಕರೆದರು.

“ಇದು ಅಬ್ಸೆಷನ್ ಅಂತ, ಒಂದೇ ಅನುಮಾನ ತಲೆ ಬಿಟ್ಟು ಹೋಗದ ಕಾಯಿಲೆಯಪ್ಪ. ಭಕ್ತಿ ಅಲ್ಲ, ಹಟವೂ ಅಲ್ಲ. ಅವರು ಸರಿಯಾಯ್ತಾ ಅಂತ ಕೇಳಿದಾಗ ಏನು ಹೇಳ್ತೀರಿ?”

“ಸರಿಯಾಯ್ತು ಅಂತೀನಿ ಸ್ವಾಮಿ. ಕೇಳ್ದಾಗೆಲ್ಲ.”

“ಅದನ್ನ ನಿಲ್ಲಿಸಿ. ನಿಮ್ಮ ಮಾತಿಂದ ಒಂದು ಗಳಿಗೆ ಸಮಾಧಾನ. ಆಮೇಲೆ ಅನುಮಾನ ಇನ್ನೂ ಬೆಳೆಯುತ್ತೆ. ಬೈಬೇಡಿ, ಕೈ ಮಾಡಬೇಡಿ. ಊಟದ ಹೊತ್ತಿಗೆ ನೀವೆಲ್ಲ ಉಣ್ಣಿ, ಅವರನ್ನೂ ಒಂದು ಸಲ ಕರೀರಿ. ಹತ್ತಿರ ಇರಿ, ಅಷ್ಟೆ.”

ನಿದ್ದೆಗೆ ಒಂದು ಮಿಕ್ಸ್ಚರ್ ಕೊಟ್ಟರು. ಈ ಕಾಯಿಲೆಗೇ ಅಂತ ಔಷಧಿ ತಮ್ಮಲ್ಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಎರಡು ವರ್ಷ ನಾನು ಪಟ್ಟ ಪಾಡೆಲ್ಲ ಕಾಯಿಲೆಗೆ ಹಾಕಿದ ಗೊಬ್ಬರ.

ಮನೆಗೆ ಬಂದು, ಪೂಜೆಗೆ ಕೂತ ಅಣ್ಣನ ಎದುರಿಗೇ ಉಣ್ಣಲು ಕೂತೆ. ಅವ್ವ ತಟ್ಟೆ ಕಿತ್ತುಕೊಂಡಳು. “ಇರಿಯವ್ನು ಅಸ್ಕಂಡು ಕೂತವ್ನೆ, ನಿಂಗೆ ಎಂಗ್ಲಾ ಗಂಟಲಲ್ಲಿಳಿದದು?” ಇಳಿಯಲಿಲ್ಲ ನಿಜ. ಆದರೂ ಕೈಯಲ್ಲಿದ್ದ ಮುದ್ದೆಯ ತುತ್ತು ನುಂಗಿದೆ. ಅಣ್ಣ ನೋಡುತ್ತಲೇ ಇದ್ದ.

“ನನ್ನ ಬುಟ್ಟು ಉಂಡ್ಯಾ?”

“ನೀನೂ ಬಾ ಅಣ್ಣ.”

“ಇದು ಸರಿಯಾಯ್ತಾ, ಅದೊಂದು ಯೋಳ್ಬುಡು. ಬತ್ತೀನಿ.”

“ಅದ ಮಾತ್ರ ಯೋಳಾಕಿಲ್ಲ. ನಿನ್ ಪಕ್ಕದಲ್ಲೇ ಇರ್ತೀನಿ.”

ಅವನು ಅತ್ತ. ಕಾಲು ಹಿಡಿಯಲು ಬಂದ. ಹಿರಿಯಣ್ಣ, ನನ್ನ ಕಾಲು. ಕಲ್ಲು ಒಡೆಯುವ ಕೆಲಸ ಇದಕ್ಕಿಂತ ಹಗುರ. ಎಷ್ಟೋ ದಿನ ಸೋತು ‘ಸರಿಯಾಯ್ತು ಕಣಣ್ಣ’ ಎಂದುಬಿಟ್ಟಿದ್ದೇನೆ. ಮಾರನೆಯ ದಿನ ಅದು ಎರಡರಷ್ಟಾಗಿ ಬಂದಿದೆ.

ಇಪ್ಪತ್ತೊಂಬತ್ತನೆಯ ದಿನ ಒಂದೇ ಪೂಜೆ ಮಾಡಿ, ಕರಡಿಗೆ ಮುಚ್ಚಿ ಬಂದು ತಟ್ಟೆಯ ಮುಂದೆ ಕೂತ. ಏನೂ ಕೇಳಲಿಲ್ಲ. ಅರ್ಧ ಮುದ್ದೆ ಉಂಡ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಹಿತ್ತಿಲಿಗೆ ಹೋದಳು. ಮಾರನೆಯ ದಿನ ಮತ್ತೆ ಸಂಜೆಯವರೆಗೂ ಏಳಲಿಲ್ಲ.

ಅವನು ವಾಸಿಯಾಗುತ್ತಾನೆ ಎಂದು ಬರೆಯಲು ನನಗೆ ಧೈರ್ಯವಿಲ್ಲ. ಅತ್ತಿಗೆ ಒಂದು ಸಲ ಬಂದು ನೋಡಿ, ಹಾಗೇ ಹಿಂದಿರುಗಿದಳು. ತಪ್ಪೆನ್ನಲಾರೆ.

ಈಗ ನನಗಿರುವುದು ಇಷ್ಟು. ಎರಡು ಎಕರೆ ಅರಿಶಿನದ ಹೊಲ. ಒಂದು ಜೊತೆ ಎತ್ತು. ಹೆಂಡತಿ, ಇಬ್ಬರು ಮಕ್ಕಳು, ನನ್ನ ಮೇಲೆ ಅರ್ಧ ಮುನಿಸಿರುವ ಅವ್ವ. ವಾರದಲ್ಲಿ ನಾಲ್ಕು ದಿನ ನಮ್ಮ ಜೊತೆ ಉಣ್ಣುವ ಅಣ್ಣ. ಮೂರು ದಿನ, ಮುಚ್ಚಿಟ್ಟ ಅವನ ತಟ್ಟೆ.