ಹೊಂಗೆಮರದ ಬುಡದ ಡಬ್ಬಿ

ಆ ಡಬ್ಬಿಯನ್ನು ಇಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಕಾಲದಲ್ಲಿ, ಹೇಳಬೇಕಾದವರ ಮುಂದೆ, ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದವಳೂ ನಾನೇ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಮದ್ರಾಸಿನ ಗಿಂಡಿಯಲ್ಲಿ ಜಮೀನು ಅಳೆಯುವ ಒಂದು ಸಣ್ಣ ಕಂಪನಿಯಲ್ಲಿ ನಾನು ನಕ್ಷೆ ಬರೆಯುತ್ತಿದ್ದೆ. ಮನೆ ಪುರಸೈವಾಕ್ಕಂನಲ್ಲಿ, ಜವಳಿ ಅಂಗಡಿಗಳ ದೊಡ್ಡ ಬೀದಿಯ ಹಿಂದಿನ ಗಲ್ಲಿಯಲ್ಲಿ. ಅಪ್ಪ, ಅಮ್ಮ, ನಾನು, ಮೂರೇ ಜನ. ಮುತ್ತಜ್ಜನ ಕಾಲದಿಂದ ಮದ್ರಾಸಿನವರು. ಮನೆಯೊಳಗೆ ತಮಿಳು ಬೆರೆತ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ವರ್ಷ ಆಫೀಸಿಗೆ ಅಂಗೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಬಂತು. ಅದರ ಹಿಂದೆಯೇ ಜಿಯೋಕ್ಯಾಶಿಂಗ್ ಎಂಬ ಆಟದ ಸುದ್ದಿಯೂ ಬಂತು. ಯಾರೋ ಒಬ್ಬರು ಒಂದು ಕಡೆ ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಇನ್ಯಾರೋ ಯಂತ್ರ ಹಿಡಿದು ಹುಡುಕಿಕೊಂಡು ಬಂದು, ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಒಂದು ಸಣ್ಣ ವಸ್ತು ತೆಗೆದುಕೊಂಡು ಇನ್ನೊಂದನ್ನು ಇಟ್ಟು ಹೋಗುತ್ತಾರೆ. ಅಷ್ಟೇ ಆಟ. ಮೂವತ್ತೆಂಟು ವರ್ಷದ, ಮದುವೆಯಾಗದ, ಮಾತು ಕಡಿಮೆಯ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಆಟ ಯಾವುದಿದೆ?

ಡಬ್ಬಿ ಇಡುವುದಕ್ಕೆ ನಿಯಮಗಳಿದ್ದವು. ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಒಂದೊಂದನ್ನೂ ಬರೆದುಕೊಂಡೆ. ಜಾಗದವರ ಒಪ್ಪಿಗೆ ಕೇಳಬೇಕು. ಗುಂಡಿ ತೋಡಬಾರದು. ರೈಲ್ವೆ, ಶಾಲೆ ಹತ್ತಿರ ಬೇಡ. ತಿನ್ನುವ ಪದಾರ್ಥ ಹಾಕಬಾರದು. ಇದು ಆಟದ ಡಬ್ಬಿ, ಹೆದರಬೇಡಿ ಎಂದು ಒಳಗೊಂದು ಚೀಟಿ ಇರಬೇಕು. ನಿಯಮವೆಂದರೆ ನನಗೆ ಪ್ರಾಣ. ನಮ್ಮ ಗಲ್ಲಿಯ ಕೊನೆಯಲ್ಲಿ ಮುಚ್ಚಿಹೋದ ಒಂದು ಪ್ರೆಸ್ಸಿನ ಕಾಂಪೌಂಡ್ ಗೋಡೆ, ಗೋಡೆಗೆ ಒತ್ತಿಕೊಂಡು ಒಂದು ಹೊಂಗೆಮರ. ಬೇರಿಗೂ ಗೋಡೆಗೂ ನಡುವೆ ಕೈ ಹೋಗುವಷ್ಟು ಸಂದು. ಪ್ರೆಸ್ಸಿನ ವಾಚ್‌ಮನ್ ಹತ್ತಿರ ಹೋಗಿ ಒಪ್ಪಿಗೆ ಕೇಳಿದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದ. ಒಪ್ಪಿಗೆ ಸಿಕ್ಕಿತು ಎಂದು ಗುರುತು ಹಾಕಿಕೊಂಡೆ.

ಆ ಮರದ ನೆರಳಿನಲ್ಲಿ ಒಂದು ಇಸ್ತ್ರಿ ಗಾಡಿ ನಿಲ್ಲುತ್ತಿತ್ತು. ಗಾಡಿಯ ಮುದುಕಿಯನ್ನು ಇಡೀ ಗಲ್ಲಿ ಆಯಾ, ಅಂದರೆ ಅಜ್ಜಿ, ಎಂದೇ ಕರೆಯುತ್ತಿತ್ತು. ಗಂಡ ಸತ್ತಮೇಲೆ ಇಪ್ಪತ್ತು ವರ್ಷದಿಂದ ಆಕೆ ಅಲ್ಲೇ ಕೆಂಡ ಊದಿಕೊಂಡು ನಿಂತವಳು. ನಮ್ಮ ಮನೆಯ ಬಟ್ಟೆಯೂ ಆಕೆಯ ಕೈಗೇ ಹೋಗುತ್ತಿತ್ತು. ಆಕೆಯನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಗೋಡೆ ಆಕೆಯದಲ್ಲವಲ್ಲ.

ಡಬ್ಬಿಗೆ ಅಪ್ಪನ ಹಳೆಯ ಸ್ಟೀಲ್ ಟಿಫನ್ ಡಬ್ಬಿ ಆರಿಸಿದೆ. ಅದನ್ನು ಚೀಲಕ್ಕೆ ಹಾಕುವಾಗ ಅಮ್ಮ ಕಂಡಳು.

"ಯಾರಿಗೇ ಅದು?"

"ಯಾರೋ ಬಂದು ತೊಗೋತಾರಮ್ಮ. ಯಾರಂತ ಗೊತ್ತಿಲ್ಲ."

"ಯಾರಾದ್ರೂ ಆಗ್ಲಿ. ಬರೀ ಡಬ್ಬಿ ಯಾರಾದ್ರೂ ಕೊಡ್ತಾರೇನೇ? ಮನೆ ಹೆಣ್ಣು ನೀನು, ಇಷ್ಟೂ ತೆರಿಯಲ್ವಾ? ಇಲ್ಲಿ ಕೊಡು."

ನಮ್ಮ ಮನೆಯಿಂದ ಯಾವ ಪಾತ್ರೆಯೂ ಖಾಲಿ ಹೊರಗೆ ಹೋಗುವಂತಿಲ್ಲ. ಅಮ್ಮ ಅರಿಶಿನದ ಕೊಂಬು, ಕುಂಕುಮದ ಪೊಟ್ಟಣ, ಅಕ್ಷತೆ, ಒಂದು ಸಣ್ಣ ಕನ್ನಡಿ, ಬಾಚಣಿಗೆ, ಎರಡು ಕರಿ ಬಳೆ ಹಾಕಿದಳು. ಪುಟ್ಟ ಬಾಗಿನವೇ ಆಯಿತು. ಕಲ್ಲುಸಕ್ಕರೆ ಹಾಕಿದ್ದನ್ನು ಮಾತ್ರ ನಾನು ತೆಗೆದೆ, ತಿನ್ನುವ ಪದಾರ್ಥ ಕೂಡದೆಂದು. ನನ್ನ ಪಾಲಿಗೆ ಒಂದು ಹಾಳೆ ಸೇಫ್ಟಿ ಪಿನ್ನು, ನವರಾತ್ರಿ ಗೊಂಬೆಗಳಲ್ಲಿ ಕೈ ಮುರಿದಿದ್ದ ಒಂದು ಮರದ ಗೊಂಬೆ, ಹೆಸರು ಬರೆಯಲು ಗೆರೆ ಎಳೆದ ಪುಸ್ತಕ. ಮೊದಲ ಪುಟದಲ್ಲಿ ಚೌಕಗಳೊಳಗೆ ಜಾಗದ ಅಂಕಿಗಳು. ಚೀಟಿಯನ್ನು ಚೆಂದದ ಇಂಗ್ಲಿಷಿನಲ್ಲಿ ಬರೆದೆ. ಆ ಗಲ್ಲಿಯಲ್ಲಿ ಇಂಗ್ಲಿಷು ಓದುವ ಮನೆಗಳು ಎಷ್ಟಿದ್ದವೆಂದು ಈಗ ಲೆಕ್ಕ ಹಾಕಿದರೆ ನನ್ನ ತಲೆಗೆ ನಾನೇ ಒಂದು ಕುಟ್ಟಿಕೊಳ್ಳಬೇಕು ಅನ್ನಿಸುತ್ತದೆ.

ಆರು ತಿಂಗಳಲ್ಲಿ ಆ ಡಬ್ಬಿಯನ್ನು ಹುಡುಕಿ ಬಂದವನು ಒಬ್ಬನೇ, ಕೆಲಸದ ಮೇಲೆ ಊರಿಗೆ ಬಂದಿದ್ದ ಪರದೇಶದವನು. ಆಮೇಲೆ ವೆಬ್‌ಸೈಟಿನಲ್ಲಿ ಬರೆದಿದ್ದ: ಡಬ್ಬಿ ಚೆನ್ನಾಗಿದೆ, ಆದರೆ ನಾನು ಸಂದಿನಲ್ಲಿ ಕೈ ಹಾಕಿದಾಗ ಇಸ್ತ್ರಿ ಮಾಡುವ ಅಜ್ಜಿ ತುಂಬ ಹೆದರಿದಂತಿತ್ತು, ದಯವಿಟ್ಟು ಅವರಿಗೆ ವಿಷಯ ತಿಳಿಸಿ. ಓದಿ ನಕ್ಕೆ. ನಮ್ಮ ಬೀದಿಯ ಸಮಾಚಾರ ಇವನೇನು ನನಗೆ ಹೇಳುವುದು ಎಂದುಕೊಂಡೆ.

ಮಳೆ ಶುರುವಾದ ಮೊದಲ ವಾರ. ಬುಧವಾರ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಮರದ ಎದುರಿನ ಮನೆಯ ಗೇಟಿನ ಮುಂದೆ ಗುಂಪು ನಿಂತಿತ್ತು. ಹಿಂದಿನ ದಿನದ ನೀರು ಸಂದಿನಿಂದ ಡಬ್ಬಿಯನ್ನು ಎಬ್ಬಿಸಿ, ನೇರ ಆ ಮನೆಯ ಮೆಟ್ಟಿಲಿಗೆ ತಂದು ಬಿಟ್ಟಿತ್ತು. ಮುಚ್ಚಳ ಬಿಚ್ಚಿಕೊಂಡಿತ್ತು. ಅರಿಶಿನ ಬೆರೆತ ಅಕ್ಕಿ, ಒದ್ದೆಯಾದ ಕುಂಕುಮ, ಕರಿ ಬಳೆ, ಬಾಚಣಿಗೆ, ಪಿನ್ನುಗಳು, ನಡುವೆ ಕೈ ಮುರಿದ ಗೊಂಬೆ. ಚೌಕಗಳಲ್ಲಿ ಅಂಕಿ ಬರೆದ ಹಾಳೆ ಮೇಲೆ ಅಂಟಿಕೊಂಡಿತ್ತು, ಥೇಟ್ ಮಂತ್ರವಾದಿಗಳು ಯಂತ್ರ ಬರೆದಂತೆ. ನನ್ನ ಇಂಗ್ಲಿಷ್ ಚೀಟಿ ನೆನೆದು ಮುದ್ದೆಯಾಗಿತ್ತು.

"ಸೂನಿಯಂ," ಎಂದರು ಯಾರೋ. ಮಾಟಕ್ಕೆ ತಮಿಳಿನಲ್ಲಿ ಆ ಹೆಸರು.

ಆ ಮನೆಯ ಸೊಸೆಗೆ ಏಳು ತಿಂಗಳು. ಹಿಂದಿನ ವರ್ಷ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದು ಡಬ್ಬಿ ಕಂಡವಳು ಅವಳೇ. ಕಿರುಚಿ ಒಳಗೆ ಹೋದವಳು ಹೊರಗೆ ಬಂದಿರಲಿಲ್ಲ.

ಅಲ್ಲಿ ನಿಂತಿರಲು ಆಗಲಿಲ್ಲ. ಇದು ನನ್ನದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಮುಖಗಳನ್ನು ನೋಡಿದೆ. ಅವರ ಕಣ್ಣಿಗೆ ನಾವು ಮೂರು ಜನ, ಇನ್ನೊಂದು ಭಾಷೆಯ ಮನೆ. ಅದರಲ್ಲಿ ನಾನು ಮದುವೆಯಾಗದವಳು, ಬಸುರಿಯ ಬಾಗಿಲಿಗೆ ಕರಿ ಬಳೆ ಕಳಿಸಿದವಳು. ಹೇಳಿದ ಮೇಲೆ ನಂಬುತ್ತಾರೆಯೇ? ಬಸ್ಸಿಗೆ ಹೊತ್ತಾಯಿತು ಎಂದು ನನಗೆ ನಾನೇ ಹೇಳಿಕೊಂಡು ಹೊರಟುಬಿಟ್ಟೆ.

ಸಾಯಂಕಾಲದ ಹೊತ್ತಿಗೆ ಇಟ್ಟವರು ಯಾರೆಂದು ಗಲ್ಲಿ ತೀರ್ಮಾನಿಸಿಯಾಗಿತ್ತು. ಆಯಾ. ಇನ್ಯಾರು? ಮರದ ಕೆಳಗೆ ದಿನವಿಡೀ ಇರುವವಳು. ಮೇಲಾಗಿ ಎರಡು ತಿಂಗಳ ಹಿಂದೆ ಕಾರು ನಿಲ್ಲಿಸಲು ಗಾಡಿ ಸರಿಸೆಂದು ಆ ಮನೆಯವರು ಆಕೆಯ ಮೇಲೆ ಕೂಗಾಡಿದ್ದರು. ಸಿಟ್ಟಿಗೆ ಮಾಡಿದ್ದಾಳೆ ಎಂದರು. ಆಯಾ ತನಗೆ ಗೊತ್ತಿಲ್ಲವೆಂದಳು. ಒಬ್ಬ ಬಿಳಿಯ ಬಂದು ಅಲ್ಲಿ ಕೈ ಹಾಕಿದ್ದ ಎಂದಳು. ಬಿಳಿಯನಿಗೆ ಹೊಂಗೆಮರದ ಬುಡದಲ್ಲಿ ಏನು ಕೆಲಸ ಎಂದು ಎಲ್ಲರೂ ನಕ್ಕರು.

ಗುರುವಾರ ಪೂರ್ತಿ ನಾನು ಬಾಯಿ ಬಿಡಲಿಲ್ಲ. ಸೊಸೆ ಅನ್ನ ಮುಟ್ಟುತ್ತಿಲ್ಲವಂತೆ, ಡಾಕ್ಟರು ರಕ್ತದೊತ್ತಡ ಏರಿದೆ ಎಂದರಂತೆ ಎಂದು ಅಮ್ಮ ಊಟದ ಹೊತ್ತಿಗೆ ಹೇಳಿದಳು. ಅಮ್ಮ ಡಬ್ಬಿಯನ್ನು ಕಣ್ಣಾರೆ ನೋಡಿರಲಿಲ್ಲ, ಬರೀ ಮಾತು ಕೇಳಿದ್ದಳು. "ಪಾವಂ, ಯಾವ ಪಾಪಿ ಮಾಡಿದ್ನೋ," ಎಂದಳು. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಶುಕ್ರವಾರ ಬೆಳಿಗ್ಗೆ ಮತ್ತೆ ಗುಂಪು. ಆಯಾ ಸತ್ಯ ಮಾಡಬೇಕು ಎಂದು ಎದುರು ಮನೆಯವರು ಹಟ ಹಿಡಿದಿದ್ದರು. ಅಂಗೈಯಲ್ಲಿ ಕರ್ಪೂರ ಹಚ್ಚಿಕೊಂಡು, ನಾನು ಮಾಡಿಲ್ಲ ಎಂದು ದೇವರ ಹೆಸರು ಹೇಳಿ ಮುಷ್ಟಿ ಮುಚ್ಚಿ ಆರಿಸಬೇಕು. ಕೂಡಲೇ ಆರಿಸುವುದು ವಾಡಿಕೆ. ಸೊಸೆಯ ಅತ್ತೆ ಬಿಡಲಿಲ್ಲ. ಪೂರ್ತಿ ಹೇಳು, ಹುಟ್ಟುವ ಮಗುವಿನ ಮೇಲೆ ಆಣೆಯಿಟ್ಟು ಹೇಳು, ನಿನ್ನ ಸತ್ತ ಗಂಡನ ಹೆಸರು ಹೇಳು ಎನ್ನುತ್ತಾ ಹೋದರು. ಆಯಾ ಒಂದೊಂದನ್ನೂ ಹೇಳಿದಳು. ಜ್ವಾಲೆ ಉರಿಯುತ್ತಲೇ ಇತ್ತು. ಕೆಂಡದ ಪೆಟ್ಟಿಗೆ ಹಿಡಿದು ಗಟ್ಟಿಯಾದ ಕೈ ಅದು, ಆದರೂ ಚರ್ಮ ಸುಡುತ್ತಿತ್ತು. ನಾನು ಆಫೀಸಿನ ಚೀಲ ಎದೆಗೆ ಒತ್ತಿಕೊಂಡು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಚೀಲದಲ್ಲಿ ಜಿಪಿಎಸ್ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಹೆದರಿಕೆ ಅಷ್ಟು ಕೆಟ್ಟದ್ದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಆಯಾ ಮುಷ್ಟಿ ಮುಚ್ಚಿದಳು. ಅತ್ತೆ ಹೇಳಿದರು: "ಸೂನಿಯಂ ಮಾಡೋಳಿಗೆ ಸುಳ್ಳು ಸತ್ಯ ಮಾಡೋಕೆ ಬರಲ್ವಾ? ನಾಳೆ ಹೊತ್ತಿಗೆ ಗಾಡಿ ಇಲ್ಲಿರಬಾರದು."

ಗಿಂಡಿಗೆ ಹೋದೆ. ಒಂದು ಗೆರೆಯನ್ನೂ ಎಳೆಯಲಾಗಲಿಲ್ಲ. ಮಧ್ಯಾಹ್ನ ರಜೆ ಹಾಕಿ ಬಂದು ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ.

"ಮೂರ್ ದಿನಾ ಸುಮ್ಮ ಇದ್ಯಾ?"

"ಹೆದರಿಕೆ ಆಯ್ತಮ್ಮ."

"ನಂಗೂ ಆಗ್ತಿದೆ. ಏಳು. ಸೀಕ್ರಂ ಸೀರೆ ಸರಿ ಮಾಡ್ಕೋ."

ಎದುರು ಮನೆಯ ಅಂಗಳದಲ್ಲಿ ಡಬ್ಬಿಯ ಮೇಲೆ ಬುಟ್ಟಿ ಬೋರಲು ಹಾಕಿ, ಸುತ್ತ ಬೇವಿನ ಸೊಪ್ಪು ಹರಡಿದ್ದರು. ಸಾಯಂಕಾಲ ಮಾಟ ಬಿಡಿಸುವವನು ಬರಬೇಕಿತ್ತು. ನಾನು ತಮಿಳಿನಲ್ಲಿ ಹೇಳಲು ಶುರುಮಾಡಿದೆ, ಆಟ, ಉಪಗ್ರಹ, ವೆಬ್‌ಸೈಟು ಎಂದು. ಹೇಳುತ್ತಾ ಹೇಳುತ್ತಾ ನನಗೇ ಅದು ಕಟ್ಟುಕಥೆಯಂತೆ ಕೇಳಿಸಿತು. ಅತ್ತೆ, ಆ ಮುದುಕಿಯನ್ನು ಉಳಿಸಲು ಬಂದಿದ್ದೀಯಾ ಎಂದರು. ಹಾಳೆಯ ಅಂಕಿಗೂ ಯಂತ್ರದ ಅಂಕಿಗೂ ತಾಳೆ ಹಾಕಿ ತೋರಿಸುತ್ತೇನೆ ಎಂದು ಜಿಪಿಎಸ್ ತೆಗೆದು ಮರದ ಕೆಳಗೆ ನಿಂತೆ. ಬೀದಿಯ ಜನವೆಲ್ಲ ಹಿಂದೆ ಬಂದರು. ದಟ್ಟ ಎಲೆ, ಮೋಡ. ಯಂತ್ರ ಉಪಗ್ರಹಗಳನ್ನು ಹುಡುಕುತ್ತಾ ಹತ್ತು ನಿಮಿಷ ಸುಮ್ಮನಿತ್ತು. ಕೊನೆಗೆ ಡಬ್ಬಿಯಿಟ್ಟ ಜಾಗ ತೋರಿಸುವ ಬಾಣ ಮೂಡಿತು. ಅಂಥ ಯಂತ್ರಗಳು ಹತ್ತು ಹದಿನೈದು ಮೀಟರು ತಪ್ಪುವುದುಂಟು. ಬಾಣ ಮರ ಬಿಟ್ಟು ನೇರ ಎದುರು ಮನೆಯ ಒಳಕೋಣೆಗೆ ಗುರಿಯಿಟ್ಟು ನಿಂತಿತು.

"ಪಾತ್ತಿಯಾ, ನೋಡು, ನಮ್ಮ ಮನೆಯನ್ನೇ ತೋರಿಸ್ತಿದೆ!" ಎಂದರು ಅತ್ತೆ. ಗುಂಪು ಒಂದು ಹೆಜ್ಜೆ ಹತ್ತಿರ ಬಂತು. ಹೊಡೆಯುತ್ತಾರೆ ಎಂದೇ ಅಂದುಕೊಂಡೆ.

ಅಮ್ಮ ಯಾರ ಅಪ್ಪಣೆಯನ್ನೂ ಕೇಳದೆ ಅಂಗಳಕ್ಕೆ ಹೋಗಿ ಬುಟ್ಟಿ ಎತ್ತಿದಳು. ಡಬ್ಬಿ ಎತ್ತಿಕೊಂಡು ನನ್ನ ಹತ್ತಿರ ಬಂದಳು. ಒದ್ದೆ ಕುಂಕುಮದಲ್ಲಿ ಬೆರಳು ಅದ್ದಿ ನನ್ನ ಹಣೆಗೆ ಇಟ್ಟಳು. ಆ ಕರಿ ಬಳೆ ಎರಡನ್ನೂ ನನ್ನ ಕೈಗೆ ತೊಡಿಸಿದಳು. ಹಳಸಿದ ಅಕ್ಷತೆಯನ್ನು ತಲೆಯ ಮೇಲೆ ಹಾಕಿದಳು. ಗೊಂಬೆಯನ್ನು ನನ್ನ ಸೆರಗಿನಲ್ಲಿಟ್ಟಳು. ಆಮೇಲೆ ಒಳಕೋಣೆಯ ಕಿಟಕಿಯ ಕಡೆ ತಿರುಗಿ ತಮಿಳಿನಲ್ಲಿ ಹೇಳಿದಳು: "ಇವಳು ನಾನು ಹೆತ್ತ ಒಂದೇ ಮಗಳು, ಕಂದಾ. ಇದರಲ್ಲಿ ಕೆಟ್ಟದ್ದಿದ್ದರೆ ಮೊದಲು ಇವಳಿಗೆ ತಗುಲಲಿ."

ನಾನು ಮಾಟಮಂತ್ರ ನಂಬುವವಳಲ್ಲ. ಡಬ್ಬಿಯೊಳಗಿನ ಒಂದೊಂದು ವಸ್ತುವೂ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಆದರೂ ಆ ಗಳಿಗೆ ನನ್ನ ಮೈ ತಣ್ಣಗಾಯಿತು. ಮೂರು ದಿನದಿಂದ ಆ ಒಳಕೋಣೆಯಲ್ಲಿ ಇದ್ದದ್ದು ಇದೇ ಹೆದರಿಕೆ, ನಾನು ಇಟ್ಟದ್ದು.

ಕಿಟಕಿಯ ಪರದೆ ಸರಿಯಿತು. ಸೊಸೆ ಕೇಳಿದಳು, "ಗೊಂಬೆ ಯಾಕೆ ಹಾಕಿದ್ರಿ ಅಕ್ಕಾ?"

"ಹುಡುಕಿದವರಿಗೆ ಉಡುಗೊರೆ ಅಂತ," ಎಂದೆ.

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ತನಗೆ ಕುಡಿಯಲು ಏನಾದರೂ ಕೊಡಿ ಎಂದು ಅತ್ತೆಯನ್ನು ಕೇಳಿದಳು. ಗುಂಪು ಕರಗಿತು. ನನಗೆ ಬೈಗುಳ ಬಿದ್ದವು, ಬೀಳಬೇಕಾದವೇ. ಬಿಡಿಸುವವನಿಗೆ ಬರಬೇಡ ಎಂದು ಹೇಳಿ ಕಳಿಸಿದರು. ಎರಡು ತಿಂಗಳಿಗೆ ಆ ಮನೆಯಲ್ಲಿ ಮಗು ಅತ್ತಿತು, ಅಮ್ಮ ಹೋಗಿ ನೋಡಿ ಬಂದಳು.

ಆಯಾಳ ಗಾಡಿ ಉಳಿಯಿತು. ಮಾರನೆಯ ದಿನ ಹೋಗಿ ಆಕೆಯ ಮುಂದೆ ನಿಂತೆ. ಬಲಗೈಗೆ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ತಪ್ಪಾಯಿತು ಎಂದೆ.

"ದಿನಾ ಬಟ್ಟೆ ಕೊಡೋಕೆ ಬರ್ತಿದ್ದೆಯಲ್ಲಮ್ಮಾ," ಎಂದಳು ತಮಿಳಿನಲ್ಲಿ, ಸಿಟ್ಟಿಲ್ಲದೆ. "ಒಂದು ಮಾತು ನನಗೆ ಹೇಳಿದ್ರೆ ನಾನೇ ಕಾಯ್ತಿರಲಿಲ್ವಾ?"

ಆಮೇಲೆ ಎಲ್ಲಿಯೂ ಡಬ್ಬಿ ಇಡಲಿಲ್ಲ. ಕೆಲವರು ಹೇಗೆ ಇಡಬೇಕೆಂದು ನನ್ನನ್ನು ಕೇಳಿದ್ದಾರೆ. ಆ ಜಾಗದಲ್ಲಿ ದಿನವಿಡೀ ಯಾರು ನಿಲ್ಲುತ್ತಾರೋ ಅವರನ್ನು ಮೊದಲು ಕೇಳಿ ಎಂದಷ್ಟೇ ಹೇಳುತ್ತೇನೆ.

ಬಸ್ಸಿಗೆ ಹೋಗುವ ದಾರಿ ಅದೇ. ಆಯಾ ಆ ಗಲ್ಲಿಯಲ್ಲಿ ಇದ್ದಷ್ಟು ವರ್ಷ ಬೆಳಿಗ್ಗೆ ಒಂದು ಕೆಲಸ ಬಿಡಲಿಲ್ಲ. ಗಾಡಿ ನಿಲ್ಲಿಸಿ, ಕೆಂಡ ಹಚ್ಚುವ ಮೊದಲು, ಬಗ್ಗಿ ಬೇರಿನ ಸಂದಿನಲ್ಲಿ ಕೈ ಹಾಕಿ ತಡಕುತ್ತಿದ್ದಳು. ಆಮೇಲೆ ಎದುರು ಮನೆಯ ಕಡೆ ತಿರುಗಿ, ಯಾರು ನೋಡಲಿ ಬಿಡಲಿ, ಸುಟ್ಟ ಕಲೆಯಿದ್ದ ಆ ಖಾಲಿ ಅಂಗೈಯನ್ನು ಬಿಡಿಸಿ ತೋರಿಸುತ್ತಿದ್ದಳು.